ಕಣ ತುಂಬಿತ್ತು, ಬಳ್ಳಾರಿಗೆ ಹೋದೆವು

ಗುರುವಾರ, ಡಿಸೆಂಬರ್ 4, 2025

ನಮ್ಮ ಶಾಲೆಯ ಹುಡುಗಿಯರು ಫುಟ್ಸಾಲ್, ಅಂದರೆ ಗಟ್ಟಿ ನೆಲದ ಮೇಲೆ ಐದೈದು ಮಂದಿ ಆಡುವ ಪುಟ್ಟ ಫುಟ್ಬಾಲ್, ಕಲಿತದ್ದು ಅಕ್ಕಿ ಗಿರಣಿಯ ಕಣದಲ್ಲಿ. ಭತ್ತ ಒಣಹಾಕಲೆಂದು ಮಾಡಿದ ಸಿಮೆಂಟಿನ ಕಣ ಅದು. ಸುಗ್ಗಿ ಇಲ್ಲದಾಗ ಅಲ್ಲಿ ನಾಯಿಗಳು ಮಲಗುತ್ತವೆ, ಹಮಾಲರು ಇಸ್ಪೀಟು ಆಡುತ್ತಾರೆ. ಎರಡು ವರ್ಷದ ಹಿಂದೆ ನಮ್ಮ ಪಿಟಿ ಸರ್ ಮಾಲೀಕರನ್ನು ಕಾಡಿ ಬೇಡಿ, ಉದ್ದ 40 ಮೀಟರ್, ಅಗಲ 20 ಮೀಟರ್ ಸುಣ್ಣದ ಗೆರೆ ಎಳೆದರು. ಗಿರಣಿಯ ಗೋಡೆಗೆ 3 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಲನ್ನು ಇದ್ದಲಿನಲ್ಲಿ ಬರೆದರು. ಎದುರು ಗೋಡೆ ಇರಲಿಲ್ಲ, ಅಲ್ಲಿ ಎರಡು ಗೋಣಿಚೀಲ. ಅಂತರರಾಷ್ಟ್ರೀಯ ಪಂದ್ಯದ ಅಳತೆಯೂ ಅಷ್ಟೇ ಎಂದು ಅವರು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದೆವು. ನಾನೂ.

ನವೆಂಬರ್ ಬಂತೆಂದರೆ ಮಾತ್ರ ಕಣ ಭತ್ತದ್ದು. ಸಿಂಧನೂರಿನ ಸುತ್ತಮುತ್ತ ಎಲ್ಲಿ ನೋಡಿದರೂ ಸೋನಾ ಮಸೂರಿಯ ರಾಶಿ. ಕಣ ಸಾಲದೆ ಅರ್ಧ ರಸ್ತೆಯ ಮೇಲೂ ಹರಡಿರುತ್ತಾರೆ. ಹೀಗಾಗಿ ಬಳ್ಳಾರಿಯಲ್ಲಿ ಹುಡುಗಿಯರ ಐದಾಳಿನ ಟೂರ್ನಿ ಇದೆ ಎಂದು ಫೋನ್ ಬಂದಾಗ ನಮ್ಮ ತಂಡ ಚೆಂಡು ಮುಟ್ಟಿ ತಿಂಗಳಾಗಿತ್ತು. ಶಾಲೆಯ ಪಡಸಾಲೆಯಲ್ಲಿ ಒಂದೆರಡು ದಿನ ಆಡಿ, ಹೆಡ್ ಮಾಸ್ಟರ್ ಕೈಲಿ ಬೈಸಿಕೊಂಡಿದ್ದೇ ಅಭ್ಯಾಸ.

ನಾನು ಕನ್ನಡ ಮೇಡಂ. ಚೆಂಡಿಗೂ ನನಗೂ ಸಂಬಂಧವಿಲ್ಲ. ಹೆಣ್ಣುಮಕ್ಕಳ ಜೊತೆ ಒಬ್ಬ ಹೆಣ್ಣುಮಗಳು ಇರಲೇಬೇಕು ಎಂಬ ಒಂದೇ ಕಾರಣಕ್ಕೆ ತಂಡದ ಮ್ಯಾನೇಜರ್ ಆದೆ. ಖಾಸಗಿ ಟೂರ್ನಿಯಾದ್ದರಿಂದ ಡ್ಯೂಟಿ ಮೇಲೆ ಹೋದಂತೆ ಲೆಕ್ಕ ಹಿಡಿಯುವ ಓಓಡಿ ಸಿಗಲಿಲ್ಲ, ನನ್ನ ಎರಡು ಸಿಎಲ್ ರಜೆ ಹೋದವು. ಆದರೆ ಮ್ಯಾನೇಜರ್ ಕೆಲಸದ ತೂಕ ತಿಳಿದದ್ದು ಅಪ್ಪಂದಿರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ. ಎಂಟು ಹುಡುಗಿಯರು, ಎಂಟು ಮನೆ. ಏಳು ಮನೆಯಲ್ಲಿ ಚಹಾ ಕುಡಿದು ಸಹಿ ತಂದೆ. ನಾಲ್ಕನೇ ನಂಬರಿನವಳ ಅಬ್ಬಾ ಅದೇ ಗಿರಣಿಯಲ್ಲಿ ಹಮಾಲಿ. ಮಗಳು ಆಡುವುದನ್ನು ದಿನಾ ಚೀಲದ ಮೇಲೆ ಕೂತು ನೋಡಿದವರು. "ಇಲ್ಲಿ ಆಡಲಿ ಮೇಡಂ, ನಾನೇ ಇರ್ತೀನಿ. ಬಳ್ಳಾರಿಗ್ಯಾಕ?" ಎಂದು ಪತ್ರವನ್ನು ಹಾಗೇ ಮಡಿಚಿ ಜೇಬಿಗಿಟ್ಟರು. ಬುಧವಾರ ರಾತ್ರಿ ಹತ್ತಕ್ಕೆ ಮನೆಗೆ ಬಂದು, ಬೆವರಿಗೆ ಮೆತ್ತಗಾದ ಪತ್ರ ಕೊಟ್ಟು ಹೋದರು. ಸಹಿ ಇತ್ತು. (ಹುಡುಗಿಯರ ಹೆಸರು ಇಲ್ಲಿ ಬರೆಯುವುದಿಲ್ಲ. ಅಂಗಿಯ ನಂಬರೇ ಸಾಕು.)

ಬೆಳಿಗ್ಗೆ ಬಸ್ಸಿನಲ್ಲಿ ಆಧಾರ್ ತೋರಿಸಿ ನಮಗೆ ಒಂಬತ್ತು ಸೊನ್ನೆ ಟಿಕೆಟ್. ಸರ್ ಒಬ್ಬರಿಗೇ ದುಡ್ಡಿನ ಟಿಕೆಟ್. "ತಂಡದಾಗ ನಾನೊಬ್ನೇ ಪೇಯ್ಡ್ ಪ್ಲೇಯರ್" ಎಂದು ಅವರು ನಕ್ಕರು. ದಡೇಸೂಗೂರಿನ ಸೇತುವೆ ಮೇಲೆ ತುಂಗಭದ್ರೆ ದಾಟಿದರೆ ಸಿರುಗುಪ್ಪ ತಾಲ್ಲೂಕು. ಎರಡೂ ಕಡೆ ಕೊಯ್ಲಿನ ಮಷಿನ್ನುಗಳು, ಟ್ರ್ಯಾಕ್ಟರುಗಳ ಸಾಲು. ಬಸ್ಸಿನೊಳಗೆ ಮಾತೆಲ್ಲ ಒಂದೇ: ಎರಡನೇ ಬೆಳೆಗೆ ನೀರಿಲ್ಲ. ಹೋದ ವರ್ಷ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ಮೇಲೆ ಈಗ 33 ಗೇಟುಗಳನ್ನೂ ಬದಲಿಸಬೇಕಾಗಿದೆ. ಬೇಸಿಗೆಗೆ ಕಾಲುವೆ ಒಣ. ಕಿಟಕಿ ಪಕ್ಕದ ಹತ್ತನೇ ನಂಬರಿನವಳ ಅಪ್ಪ ಆರು ಎಕರೆ ಲೀಸಿಗೆ ಹಿಡಿದವರು. ಅವಳು ಹೊರಗೆ ನೋಡುತ್ತಲೇ, "ಹಂಗಾದ್ರ ಏಪ್ರಿಲ್‌ನಾಗ ಕಣ ಖಾಲಿ ಇರ್ತೈತಿ ಮೇಡಂ, ಆಡಾಕ ನಮಗ ಸಿಗ್ತೈತಿ" ಎಂದಳು. ಸೀಟಿನಲ್ಲಿ ಯಾರೂ ನಗಲಿಲ್ಲ. ಅವಳೂ.

ಬಳ್ಳಾರಿಯಲ್ಲಿ ನಮ್ಮ ಬಿಡಾರ ಕೌಲ್ ಬಜಾರಿನ ನನ್ನ ತಂಗಿಯ ಮನೆ. ಮೇಲಿನ ಮಾಳಿಗೆ ಪೂರ್ತಿ ಜೀನ್ಸ್. ತಂಗಿಯ ಗಂಡ ಹೊಲಿಗೆ ಜಾಬ್ ವರ್ಕ್ ಮಾಡುತ್ತಾರೆ: ನಾಲ್ಕು ಮಷಿನ್ನು, ಸೊಂಟದೆತ್ತರದ ಪ್ಯಾಂಟಿನ ರಾಶಿ, ಹೊಸ ಬಟ್ಟೆಯ ಕಟು ವಾಸನೆ. "ಅಕ್ಕಾರ, ರಾಶಿ ಮ್ಯಾಲೇ ಮಲಗಸ್ರಿ, ಗಾದಿ ಯಾಕ ಬೇಕು?" ಅಂದರು. ರಾತ್ರಿ ಮಲಗಿ ಎದ್ದವರ ಅಂಗೈ, ಕೆನ್ನೆ ಎಲ್ಲ ನೀಲಿ.

ಶುಕ್ರವಾರ, ಡಿಸೆಂಬರ್ 5

ತಿಂಡಿಗೆ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ. ನಮ್ಮ ಕಡೆ ಇದೇ ಮಂಡಾಳ ಒಗ್ಗರಣಿ. ಯಾವುದು ಸರಿಯಾದ ಹೆಸರು ಎಂಬ ಜಗಳ ತಂಗಿಗೂ ನನಗೂ ಇಪ್ಪತ್ತು ವರ್ಷದ್ದು, ಇವತ್ತೂ ತೀರಲಿಲ್ಲ. ಪಂದ್ಯಕ್ಕೆ ಮೊದಲು ಬಜ್ಜಿ ಬೇಡ ಅಂದರು ಸರ್. ಆಗಲೇ ಎರಡೆರಡು ಇಳಿದಿದ್ದವು.

ಮೈದಾನ ನೋಡಿ ಹುಡುಗಿಯರಿಗೆ ಮೊದಲು ಖುಷಿ. ಹಸಿರು ಪ್ಲಾಸ್ಟಿಕ್ ಹುಲ್ಲು, ಸುತ್ತಲೂ ತಲೆ ಮೇಲೂ ಬಲೆ, ದೊಡ್ಡ ದೀಪಗಳು. ಊರೂರಲ್ಲಿ ಈಗ ಇಂಥ ಟರ್ಫ್ ಎದ್ದಿವೆ, ಬೋರ್ಡಿನ ಮೇಲೆ ಫುಟ್ಸಾಲ್ ಎಂದೇ ಬರೆದಿರುತ್ತಾರೆ. ಸರ್ ಮಾತ್ರ ಬಗ್ಗಿ ಹುಲ್ಲಿನ ನಡುವಿನ ಕರಿ ರಬ್ಬರ್ ಕಾಳನ್ನು ಬೆರಳಲ್ಲಿ ತಿಕ್ಕಿ ನೋಡಿ, "ಚೆಂಡು ಉರುಳಂಗಿಲ್ಲ ಇಲ್ಲಿ" ಎಂದರು.

ಅದು ನನಗೆ ಅರ್ಥವಾದದ್ದು ಆಟ ಶುರುವಾದ ಮೇಲೆ. ನಮ್ಮವರದು ಅಂಗಾಲಿನ ಆಟ. ಬಂದ ಚೆಂಡನ್ನು ಅಂಗಾಲಿನಡಿ ಒತ್ತಿ ನಿಲ್ಲಿಸಿ, ಅಲ್ಲಿಂದಲೇ ಹಿಂದಕ್ಕೋ ಪಕ್ಕಕ್ಕೋ ಎಳೆದುಕೊಳ್ಳುವುದು. ನುಣುಪು ಸಿಮೆಂಟಿನ ಮೇಲೆ ಅದು ಬೆಣ್ಣೆ. ಹುಲ್ಲಿನಲ್ಲಿ ಚೆಂಡು ತಡವರಿಸುತ್ತದೆ, ಬೂಟು ಕಚ್ಚಿಕೊಳ್ಳುತ್ತದೆ. ಚೆಂಡೂ ಬೇರೆ. ಫುಟ್ಸಾಲ್ ಚೆಂಡು 4ನೇ ಸೈಜಿನದು, ಪುಟಿಯದಂತೆಯೇ ಮಾಡಿದ್ದು. 2 ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಪುಟಿತ 50 ಸೆಂಟಿಮೀಟರಿಗೆ ಕಡಿಮೆ ಇರಬಾರದು, 65 ದಾಟಬಾರದು. ನಮ್ಮಲ್ಲಿರುವುದು ಅಂಥದ್ದು ಒಂದೇ ಒಂದು. ಆ ಚೆಂಡು ಶಾಲೆಗೆ ಬಂದ ದಿನ ಏಳನೇ ನಂಬರಿನವಳು ಬಾಗಿಲ ಚೌಕಟ್ಟಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಬೆಂಚಿನ ಮೇಲೆ ನಿಂತು ಬಿಟ್ಟು ನೋಡಿದ್ದಳು. ಮೊಣಕಾಲಿನ ಮೇಲಿಷ್ಟು ಬಂದು ಕುಸಿಯಿತು. "ಸತ್ತ ಚೆಂಡು ಕಳಿಸ್ಯಾರ ಸರ್, ವಾಪಸ್ ಮಾಡ್ರಿ" ಎಂದಿದ್ದಳು. ಅಂದಿನಿಂದ ಅದರ ಹೆಸರೇ ಸತ್ತ ಚೆಂಡು. ಟರ್ಫಿನವರು ಕೊಟ್ಟದ್ದು ಜೀವಂತ ಚೆಂಡು. ಒದ್ದರೆ ತಲೆ ಮೇಲಿನ ಬಲೆಗೆ ಬಡಿದು ಬರುತ್ತಿತ್ತು. ಗೆರೆ ದಾಟಿದ ಚೆಂಡನ್ನು ನಾಲ್ಕು ಸೆಕೆಂಡಿನೊಳಗೆ ಒದ್ದು ಒಳಗೆ ತರಬೇಕೆಂಬ ನಿಯಮವೂ ಇಲ್ಲ. ಪಕ್ಕದ ಬಲೆಗೆ ಬಡಿದದ್ದೂ ಆಟದಲ್ಲೇ. ಸರ್ ಕೇಳಿದ್ದಕ್ಕೆ ನಡೆಸುವವರು, "ಐದು ಮಂದಿ ಆಡ್ತಾರಲ್ರೀ, ಇದೇ ಫುಟ್ಸಾಲ್" ಎಂದರು. ಬಳ್ಳಾರಿಯ ಹುಡುಗಿಯರ ಎದುರು 5–1ರಲ್ಲಿ ಸೋತೆವು. ಆ ಒಂದು ಗೋಲೂ ಅವರದೇ ಕಾಲಿಗೆ ತಾಗಿ ಹೋದದ್ದು.

ಸಂಜೆಯ ಕಥೆಯೇ ಬೇರೆ. ಫಿಲಿಪ್ಪೀನ್ಸ್‌ನ ಪಾಸಿಗ್ ನಗರದಲ್ಲಿ ಮಹಿಳೆಯರ ಫುಟ್ಸಾಲ್ ವಿಶ್ವಕಪ್ ನಡೆದಿತ್ತು. ಇವತ್ತು ಸೆಮಿಫೈನಲ್. ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಅವರ ರಾತ್ರಿ ಆಟ ನಮಗೆ ಸಂಜೆ ಸಿಗುತ್ತದೆ. ಸರ್ ತಮ್ಮ ಫೋನನ್ನು ಜೀನ್ಸ್ ರಾಶಿಗೆ ಒರಗಿಸಿಟ್ಟರು. ತಂಗಿಯ ಗಂಡ ಎಂಟೂ ಜನಕ್ಕೆ ಒಂದೊಂದು ಪುಟ್ಟ ಕತ್ತರಿ ಕೊಟ್ಟು, "ಕುಂತು ನೋಡೋದು ಹೆಂಗೂ ನೋಡ್ತೀರಿ, ದಾರ ಕತ್ತರಿಸ್ರವ್ವ" ಎಂದರು. ಹೊಲಿದ ಪ್ಯಾಂಟಿನ ಜೇಬು, ಝಿಪ್ಪು, ಕಾಲಿನ ಮಡಿಕೆಯಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವ ಕೆಲಸ. ಕಣ್ಣು ಫೋನಿನ ಮೇಲೆ, ಬೆರಳು ದಾರ ಹುಡುಕುತ್ತಾ. ಪೋರ್ಚುಗಲ್ ಅರ್ಜೆಂಟೀನಾವನ್ನು 7–1ರಲ್ಲಿ ಹೊಡೆಯಿತು. ಬ್ರೆಜಿಲ್ ಸ್ಪೇನನ್ನು 4–1ರಲ್ಲಿ.

ಗೋಲಿಗಿಂತ ಹುಡುಗಿಯರು ನೋಡಿದ್ದು ನೆಲವನ್ನು. "ಮೇಡಂ, ಹುಲ್ಲಿಲ್ಲ ನೋಡ್ರಿ! ನಮ್ಮ ಕಣದಂಗ ಐತಿ!" ಆಟಗಾರ್ತಿಯರು ಅಂಗಾಲಿನಿಂದ ಚೆಂಡು ಎಳೆದಾಗಲೆಲ್ಲ ಏಳನೇ ನಂಬರಿನವಳು ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದಳು, ತನ್ನದೇ ಗುಟ್ಟು ಯಾರೋ ಬಯಲು ಮಾಡಿದ ಹಾಗೆ. ರೆಫರಿ ಕೈಯೆತ್ತಿ ಬೆರಳಲ್ಲಿ ಸೆಕೆಂಡು ಎಣಿಸಿದರೆ ಇಡೀ ಮಾಳಿಗೆ "ಒಂದು, ಎರಡು, ಮೂರು" ಎಂದು ಕೂಗುತ್ತಿತ್ತು. ಕೆಳಗಿನಿಂದ ತಂಗಿ ಹತ್ತಿ ಬಂದಳು, ಯಾರಿಗೆ ಏನಾಯಿತೋ ಎಂದು.

ಸರ್‌ಗೆ ಮಾತು ಬಂದದ್ದು ಬ್ರೆಜಿಲ್ ಗೆದ್ದ ಮೇಲೆ. ಗಂಡಸರ ಫುಟ್ಸಾಲ್ ವಿಶ್ವಕಪ್ 1989ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಶುರುವಾಗಿತ್ತು, ಹೆಂಗಸರದು ಇದೇ ಮೊದಲನೆಯದು. ನಡುವೆ 2010ರಿಂದ 2015ರವರೆಗೆ ಆರು ಸಲ ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾದ ಹೊರಗೆ ಒಂದು ವಿಶ್ವ ಟೂರ್ನಿ ನಡೆಯಿತು, ಆರನ್ನೂ ಬ್ರೆಜಿಲ್ಲೇ ಗೆದ್ದಿತು. ಆಡುವವರು ಇರಲಿಲ್ಲ ಎನ್ನುವಂತಿಲ್ಲ. "36 ವರ್ಷ ಯಾಕ ಬೇಕಾತು ಸರ್?" ಎಂದು ಗೋಲಿ, ಅಂದರೆ ನಮ್ಮ ಗೋಲ್‌ಕೀಪರ್, ಕೇಳಿದಳು. ಹತ್ತನೇ ನಂಬರಿನವಳು ಪ್ಯಾಂಟಿನಿಂದ ತಲೆಯೆತ್ತದೆ, "ಯಾರೂ ಸಹಿ ಮಾಡಿರಲಿಕ್ಕಿಲ್ಲ" ಎಂದಳು.

"ಇಂಡಿಯಾ ಎಲ್ಲೈತಿ?" ಎಂಬ ಪ್ರಶ್ನೆ ಬರಲೇಬೇಕಿತ್ತು. ಭಾರತದ ಹುಡುಗಿಯರು ಏಷ್ಯಾ ಕಪ್‌ನ ಅರ್ಹತಾ ಸುತ್ತಿಗೆ ಇದೇ ಜನವರಿಯಲ್ಲಿ ಇಂಡೊನೇಷ್ಯಾಕ್ಕೆ ಹೋಗಿದ್ದರು, ಮೊದಲ ಸಲ. ಮೇ ತಿಂಗಳಲ್ಲಿ ಚೀನಾದ ಹೋಹೋಟ್‌ನಲ್ಲಿ ನಡೆದ ಮುಖ್ಯ ಹಂತ ತಲುಪಲಿಲ್ಲ. ಅಲ್ಲಿ ಜಪಾನ್ ಥಾಯ್ಲೆಂಡನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿತು. ವಿಶ್ವಕಪ್‌ನ 16 ತಂಡಗಳಲ್ಲಿ ಏಷ್ಯಾದಿಂದ ಆತಿಥೇಯ ಫಿಲಿಪ್ಪೀನ್ಸ್ ಬಿಟ್ಟರೆ ಜಪಾನ್, ಥಾಯ್ಲೆಂಡ್, ಇರಾನ್.

ಇರಾನ್ ಎಂದಾಗ ನಾಲ್ಕನೇ ನಂಬರಿನವಳು ಹತ್ತಿರ ಸರಿದು ಕೂತಳು. ಗುಂಪಿನ ಹಂತದಲ್ಲೇ ಹೊರಬಿದ್ದ ತಂಡ ಅದು. ಸರ್ ಅದರ ಹಳೆಯ ತುಣುಕು ಹುಡುಕಿ ಹಾಕಿದರು. ತಲೆಗೆ ಬಿಗಿದ ವಸ್ತ್ರ, ಉದ್ದ ತೋಳು, ಉದ್ದ ಕಾಲು, ಮತ್ತು ಅದೇ ಅಂಗಾಲಿನ ಆಟ. ತನ್ನ ತಲೆವಸ್ತ್ರದ ಗಂಟನ್ನು ಅವಳು ಸುಮ್ಮನೆ ಮುಟ್ಟಿ ನೋಡಿಕೊಂಡಳು. 2015 ಮತ್ತು 2018ರ ಏಷ್ಯಾ ಕಪ್ ಎರಡೂ ಇರಾನ್‌ನವೇ. 2015ರಲ್ಲಿ ಮಲೇಷ್ಯಾಕ್ಕೆ ತಂಡದ ನಾಯಕಿ ನಿಲೂಫರ್ ಅರ್ದಲಾನ್ ಹೋಗಲಾಗಲಿಲ್ಲ. ಪಾಸ್‌ಪೋರ್ಟ್ ನವೀಕರಣಕ್ಕೆ ಗಂಡನ ಒಪ್ಪಿಗೆ ಬೇಕಿತ್ತು, ಗಂಡ ಕೊಡಲಿಲ್ಲ. ತಂಡ ಅವಳಿಲ್ಲದೆ ಹೋಗಿ ಕಪ್ ತಂದಿತು. ಇದನ್ನು ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಸರ್ ಹೇಳಿಬಿಟ್ಟಿದ್ದರು. "ಆಮೇಲೆ?" ಎಂದಳು ನಾಲ್ಕನೆಯವಳು. ಅದೇ ವರ್ಷ ಗ್ವಾಟೆಮಾಲಾದ ಟೂರ್ನಿಗೆ ನಿಲೂಫರ್‌ಗೆ ಅನುಮತಿ ಸಿಕ್ಕಿತು. "ಹ್ಞೂಂ" ಅಂದು ಮತ್ತೆ ದಾರ ಕತ್ತರಿಸತೊಡಗಿದಳು. ನನ್ನ ಬ್ಯಾಗಿನಲ್ಲಿ ಅವಳ ಅಬ್ಬಾ ಕೊಟ್ಟ ಪತ್ರ ಇತ್ತು.

ಶನಿವಾರ, ಡಿಸೆಂಬರ್ 6

ಬೆಳಿಗ್ಗೆ ಫೋನು: ಹುಡುಗಿಯರ ವಿಭಾಗಕ್ಕೆ ಬಂದದ್ದು ಮೂರೇ ತಂಡ, ಒಂದು ಆಗಲೇ ಊರಿಗೆ ಹೋಯಿತು, ಉಳಿದ ಎರಡರ ಫೈನಲ್ ನಾಳೆ ಬೆಳಿಗ್ಗೆ ಆರೂವರೆಗೆ. ಎಂಟರಿಂದ ಹುಡುಗರ ಪಂದ್ಯಗಳಿಗೆ ಅಂಗಳ ಬೇಕು. ಒಂದು ಪಂದ್ಯವನ್ನೂ ಗೆಲ್ಲದೆ ಫೈನಲ್ ತಲುಪಿದ ತಂಡ ನಮ್ಮದು. ಸರ್ ಎಂಟ್ರಿ ಫೀಸಿನ ಮಾತೆತ್ತಿದರು. ಆ ಕಡೆಯಿಂದ ಲೈನ್ ಕಟ್.

ವಿಶ್ವಕಪ್ಪಿಗೂ ಇವತ್ತು ಬಿಡುವು. ಕೋಟೆ ಬೆಟ್ಟ ಹತ್ತಿದೆವು. ಒಂದೇ ಬಂಡೆಯಂತೆ ಎದ್ದ ಆ ಬೆಟ್ಟವನ್ನು ಹುಡುಗಿಯರು ಓಡಿಯೇ ಹತ್ತಿದರು, ನಾನು ಅರ್ಧಕ್ಕೆ ಮೂರು ಸಲ ಕೂತೆ. ಮೇಲಿನಿಂದ ಕುಂಬಾರ ಗುಡ್ಡ ಕಾಣುತ್ತದೆ. ಹೈದರಲಿ ಫ್ರೆಂಚ್ ಎಂಜಿನಿಯರನಿಂದ ಕೋಟೆ ಕಟ್ಟಿಸಿ, ಎದುರಿನ ಆ ಗುಡ್ಡವೇ ಎತ್ತರ ಎಂದು ಆಮೇಲೆ ಗೊತ್ತಾಗಿ ಅವನನ್ನು ನೇಣಿಗೆ ಹಾಕಿಸಿದ ಎಂಬ ಕಥೆ ಬಳ್ಳಾರಿಯವರೆಲ್ಲ ಹೇಳುತ್ತಾರೆ. ನಾನೂ ಹೇಳಿದೆ. ಗೋಲಿ ಸರ್ ಕಡೆ ತಿರುಗಿ, "ಮೊದಲ ಅಳತಿ ತಗೋಬೇಕ್ರಿ ಸರ್, ಟರ್ಫ್ ಅಂತ ಕೇಳಿ ಬರಬೇಕಿತ್ತು" ಎಂದಳು. ಸರ್ ತಮ್ಮ ಕುತ್ತಿಗೆ ಸವರಿಕೊಂಡರು.

ಭಾನುವಾರ, ಡಿಸೆಂಬರ್ 7

ಆರು ಗಂಟೆಗೇ ಹೋದೆವು. ಗೇಟಿಗೆ ಬೀಗ. ಆರೂವರೆ, ಏಳು, ಏಳೂವರೆ. ಫೋನು ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಬಳ್ಳಾರಿ ತಂಡದ ಹುಡುಗಿಯರೂ ಬಂದು ನಮ್ಮ ಪಕ್ಕ ಕಟ್ಟೆಯ ಮೇಲೆ ಕೂತರು. ಮೊನ್ನೆ ಐದು ಗೋಲು ಹೊಡೆದವರು, ಇವತ್ತು ನಮ್ಮ ಡಬ್ಬಿಯ ಶೇಂಗಾ ಹೋಳಿಗೆ ತಿಂದರು. ಎಂಟಕ್ಕೆ ಬೀಗ ತೆಗೆದರು, ಹುಡುಗರು ಒಳಗೆ ನುಗ್ಗಿದರು. ನಮಗೆ, "ಟೈಮ್ ಆತಲ್ರೀ."

ಸಿಟ್ಟು ಯಾರ ಮೇಲೆ ಮಾಡುವುದು? ಬಳ್ಳಾರಿ ತಂಡದ ಕೋಚ್, ಗಟ್ಟಿ ದನಿಯ ಹೆಣ್ಣುಮಗಳು, "ನಮ್ಮ ಸ್ಕೂಲಾಗ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಐತಿ, ಸಿಮೆಂಟಿಂದು. ಆಡ್ತೀರೇನು?" ಎಂದರು. ನಮ್ಮ ಎಂಟೂ ಮುಖ ಒಟ್ಟಿಗೇ ಸರ್ ಕಡೆ ತಿರುಗಿದವು.

ಅಂಗಳ ನಮ್ಮ ಕಣಕ್ಕಿಂತ ಚಿಕ್ಕದು. ಗೋಲಿಗೆ ಎರಡೂ ಕಡೆ ಸ್ಕೂಲ್ ಬ್ಯಾಗು. ಚೆಂಡು ಸತ್ತದ್ದು. ಬಳ್ಳಾರಿಯ ಹುಡುಗಿಯೊಬ್ಬಳು ಮೊದಲ ಸಲ ಒದ್ದವಳೇ, "ಅಕ್ಕಾ, ಇದಕ್ಕೆ ಗಾಳಿ ಇಲ್ಲ" ಎಂದು ಕೂಗಿದಳು. ನಮ್ಮವರು ನಕ್ಕ ನಗೆ ಬೀದಿಗೆ ಕೇಳಿಸಿರಬೇಕು. ಸರ್ ರೆಫರಿ. ಅವರ ಎಡಗೈಯಲ್ಲಿ ಭತ್ತದ ಕಾಳು, ಪ್ರತಿ ತಂಡಕ್ಕೆ ಐದರಂತೆ. ಒಂದು ಫೌಲಿಗೆ ಒಂದು ಕಾಳು ಜೇಬಿಗೆ. ಐದೂ ಖಾಲಿಯಾದ ಮೇಲೆ ಆರನೇ ಫೌಲಿಗೆ ಎದುರಾಳಿಗೆ 10 ಮೀಟರಿನಿಂದ ನೇರ ಒದೆತ, ಗೋಡೆಯಾಗಿ ಯಾರೂ ಅಡ್ಡ ನಿಲ್ಲುವಂತಿಲ್ಲ.

ಮೊದಲರ್ಧ ನಾನು ಬದುಕಿನಲ್ಲಿ ನೋಡಿದ ಅತಿ ಚಂದದ ಆಟ. ಪಕ್ಷಪಾತ ಇದ್ದರೆ ಇರಲಿ. ಏಳನೆಯವಳು ಚೆಂಡನ್ನು ಅಂಗಾಲಲ್ಲಿ ಹಿಂದೆಳೆದು, ಎದುರಿನವಳು ಮುಂದೆ ವಾಲಿದ್ದೇ ತಡ ಪಕ್ಕದಿಂದ ನಾಲ್ಕನೆಯವಳಿಗೆ ತಳ್ಳುವಳು. ಅವಳು ನಿಲ್ಲಿಸದೆ ಹತ್ತನೆಯವಳಿಗೆ. ಮೂರು ಮುಟ್ಟಿಗೆ ಒಂದು ಗೋಲು. ಅರ್ಧಕ್ಕೆ 3–1. ಆಮೇಲೆ ಬಳ್ಳಾರಿಯವರಿಗೂ ಚೆಂಡಿನ ಸ್ವಭಾವ ತಿಳಿಯಿತು. ನಮ್ಮ ಕಾಳುಗಳು ಮುಗಿದವು, ಆರನೇ ಫೌಲಿಗೆ ಅವರದೊಂದು ಗೋಲು. ಇನ್ನೊಂದೂ ಬಂತು, 3–3. ಮೂರು ನಿಮಿಷ ಇರುವಾಗ ನಮ್ಮ ಗೋಲಿ ಸೆಮಿಫೈನಲ್ ನೋಡಿದ ಹುಮ್ಮಸ್ಸಿನಲ್ಲಿ, ಯಾರನ್ನೂ ಕೇಳದೆ, ಗೋಲು ಬಿಟ್ಟು ಐದನೇ ಆಟಗಾರ್ತಿಯಾಗಿ ಮುಂದೆ ಹೋದಳು. ಪವರ್ ಪ್ಲೇ ಎನ್ನುತ್ತಾರೆ ಅದಕ್ಕೆ. ಒಬ್ಬಳು ಹೆಚ್ಚಾದ್ದರಿಂದ ಚೆಂಡು ನಮ್ಮ ಕಾಲಲ್ಲೇ ಸುತ್ತಿತು, ಸುತ್ತಿತು, ಹತ್ತನೆಯವಳ ಬೂಟಿನ ತುದಿಗೆ ತಾಗಿ ತಪ್ಪಿತು. ಬಳ್ಳಾರಿಯವಳು ತನ್ನ ಗೋಲಿನ ಮುಂದಿನಿಂದಲೇ ಒದ್ದಳು. ಜೋರಿನ ಒದೆತವೇನಲ್ಲ. ಪುಟಿಯದ ಚೆಂಡು ಸಿಮೆಂಟಿನ ಮೇಲೆ ನಿಧಾನಕ್ಕೆ ಉರುಳುತ್ತಾ ಬಂತು. ನಮ್ಮ ಐದೂ ಜನ ಅದರ ಹಿಂದೆ ಓಡಿದರು. ಬ್ಯಾಗುಗಳ ನಡುವೆ ಗೆರೆ ದಾಟಿ ಒಂದು ಮೊಳ ಹೋಗಿ ನಿಂತಿತು.

4–3. ಗೋಲಿ ಅಳುತ್ತಿದ್ದಳು, ಬಳ್ಳಾರಿಯ ಕೋಚ್ ಅವಳಿಗೆ ನೀರು ಕುಡಿಸುತ್ತಿದ್ದರು. ಸರ್ ಕಾಳುಗಳನ್ನು ಜೇಬಿನಿಂದ ತೆಗೆದು ಎಣಿಸುತ್ತಿದ್ದರು, ಯಾಕೋ.

ನಾಲ್ಕರ ಬಸ್ಸು. ಸಿರುಗುಪ್ಪ ದಾಟುವಾಗ ಪಾಸಿಗ್‌ನಲ್ಲಿ ಫೈನಲ್ ನಡೆಯುತ್ತಿತ್ತು, ಬ್ರೆಜಿಲ್ ಮತ್ತು ಪೋರ್ಚುಗಲ್. ಸರ್ ಫೋನು ನಾಲ್ಕನೆಯವಳ ಕೈಯಲ್ಲಿ, ಸುತ್ತ ಏಳು ತಲೆ. ಗದ್ದೆಗಳ ನಡುವೆ ನೆಟ್‌ವರ್ಕ್ ಬರುವುದು, ಹೋಗುವುದು. ಚಿತ್ರ ನಿಂತಲ್ಲೇ ನಿಲ್ಲುವುದು. ಚೆಂಡು ಗೋಲಿನೊಳಗೆ ಹೋದ ಕ್ಷಣ ಒಂದೂ ಸಿಗಲಿಲ್ಲ. ಸಿಗ್ನಲ್ ಮರಳಿದಾಗ ಅಂಕಿ ಬದಲಾಗಿರುತ್ತಿತ್ತು, ಅಷ್ಟೇ. ಸೇತುವೆ ಮೇಲೆ ಫೋನ್ ಪೂರ್ತಿ ಸತ್ತಿತು. ಕೊನೆಯದು ಗೊತ್ತಾದದ್ದು ಸಿಂಧನೂರಿನ ಸ್ಟ್ಯಾಂಡಿನಲ್ಲಿ, ಚಹದಂಗಡಿಯ ಚಾರ್ಜರಿಗೆ ಹಾಕಿದ ಮೇಲೆ.

ನಾಲ್ಕನೆಯವಳ ಅಬ್ಬಾ ಆಗಲೇ ಬಂದು ನಿಂತಿದ್ದರು, ಹೆಗಲ ಮೇಲೆ ಭತ್ತದ ಧೂಳು. ಬಸ್ಸು ಇನ್ನೂ ಎಷ್ಟು ಹೊತ್ತಿಗೋ ಎಂದು ಐದು ಗಂಟೆಯಿಂದ ಕಾಯುತ್ತಿದ್ದರಂತೆ. ಮಗಳ ಬ್ಯಾಗು ತಗೊಂಡು, ನೀಲಿ ಹತ್ತಿದ ಅಂಗೈಯನ್ನು ತಿರುಗಿಸಿ ನೋಡಿ, "ಗೆದ್ರೇನು?" ಎಂದರು.

"ಹ್ಞೂಂ ಅಬ್ಬಾ. ಬ್ರೆಜಿಲ್. ಮೂರು ಸೊನ್ನೆ."